ಎಪ್ಪತ್ತರ ತೊಡೆಯಲ್ಲೂ ಚಿಗುರುವ ರಕ್ತನಾಳ

ಗುತ್ತಿಗಾರಿನ ಒಂದು ತೋಟದ ಮನೆ. ಅಂಗಳದ ಮೆಟ್ಟಿಲ ಬುಡದಲ್ಲಿ ಅಜ್ಜ ಮೊಣಕಾಲಿಗೆ ಕೈಯೂರಿ ನಿಂತಿದ್ದಾರೆ. ಅಡಿಕೆ ಗೋಣಿ ಹೊತ್ತು ಇದೇ ಗುಡ್ಡ ಹತ್ತಿದ ಕಾಲುಗಳವು.

ಆ ತೊಡೆಯೊಳಗೆ ನೋಡೋಣ. ಸ್ನಾಯುವಿನ ಒಂದೊಂದು ಎಳೆಯ ಸುತ್ತಲೂ ಕೂದಲಿಗಿಂತ ತೆಳುವಾದ ಲೋಮನಾಳಗಳು. ಕೆಂಪು ರಕ್ತಕಣಗಳು ಒಂದರ ಹಿಂದೊಂದು ನುಸುಳುವಷ್ಟೇ ಜಾಗ. ತೋಟದ ಡ್ರಿಪ್ ಪೈಪಿನ ಹಾಗೆಯೇ, ಬುಡಕ್ಕೆ ನೀರು ಮುಟ್ಟಿಸುವುದು ಈ ಸಣ್ಣ ನಾಳಗಳೇ. ವಯಸ್ಸಾಗಿ, ಭಾರದ ಕೆಲಸ ನಿಂತ ಮೇಲೆ ಇವು ಕಡಿಮೆಯಾಗುತ್ತವೆ. ಥಟ್ಟನೆ ಎದ್ದು ನಿಲ್ಲಲು ಬೇಕಾದ ವೇಗದ ಎಳೆಗಳಿಗೇ ಹೆಚ್ಚು ಪೆಟ್ಟು.

ಆದರೆ ಸ್ನಾಯುವನ್ನು ಮತ್ತೆ ಭಾರಕ್ಕೆ ಹಚ್ಚಿದರೆ ಅದು ವಿಇಜಿಎಫ್ ಎಂಬ ಪ್ರೋಟೀನನ್ನು ಬಿಡುತ್ತದೆ. ಅದು ತಾಗಿದಲ್ಲಿ, ಮೆಣಸಿನ ಬಳ್ಳಿಯ ಗೆಣ್ಣಿನಂತೆ, ಹಳೆಯ ನಾಳದಿಂದ ಹೊಸದು ಚಿಗುರುತ್ತದೆ. ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್ ಸಂಶೋಧಕರು ಆರೋಗ್ಯವಂತ ವೃದ್ಧರಲ್ಲಿ ಭಾರದ ವ್ಯಾಯಾಮದಿಂದ ಲೋಮನಾಳಗಳು ಹೆಚ್ಚಿದ್ದನ್ನು ಕಂಡು 2016ರಲ್ಲಿ ಪ್ರಕಟಿಸಿದರು. ನನಗೆ ಇದಕ್ಕಿಂತ ದೊಡ್ಡ ಸಮಾಧಾನದ ಸುದ್ದಿ ಇಲ್ಲ.

ತೋಟ ಸುತ್ತುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು; ತೊಡೆಗೆ ಭಾರ ಬೀಳಬೇಕು. ಗೋಡೆಗೆ ತಾಗಿಸಿ ಕುರ್ಚಿ ಇಡಿ. ಅಜ್ಜ ಅದರಿಂದ ಕೈಯೂರದೆ ಏಳಬೇಕು, ನಿಧಾನಕ್ಕೆ ಕೂರಬೇಕು. 10 ಸಲ. ಉಸಿರು ಬಿಗಿಹಿಡಿಯಬಾರದು. ಸುಲಭವಾದ ಮೇಲೆ ಎರಡು ಕೆ.ಜಿ. ಅಕ್ಕಿಯ ಚೀಲ ಎದೆಗಪ್ಪಿಕೊಳ್ಳಲಿ. 65 ದಾಟಿದವರಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇವತ್ತು ಸಂಜೆಯೇ ಅಜ್ಜನಿಗೆ, ಅಜ್ಜಿಗೆ ಕುರ್ಚಿ ಇಟ್ಟುಕೊಡಿ. ಮೊದಲ ದಿನ ಪಕ್ಕದಲ್ಲೇ ನಿಂತಿರಿ.