ಮುಂದಿನ ಗಾಲಿಯ ಬೇರಿಂಗ್: ಎಷ್ಟು ಬಿಗಿ, ಎಷ್ಟು ಸಡಿಲ?

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೆ ಹಳೇ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಇಂದಿನ ಬಹುತೇಕ ಕಾರುಗಳಲ್ಲಿ ಗಾಲಿಯ ಬೇರಿಂಗ್ ಸವೆದರೆ ಪೂರ್ತಿ ಬದಲಿಸುತ್ತಾರೆ. ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ಅದನ್ನು ಕೈಯಿಂದಲೇ ಹೊಂದಿಸಬೇಕು. ಕಾರಿಲ್ಲದವರೂ ಓದಬಹುದು, ಏಕೆಂದರೆ ಮನೆಯ ಟ್ರ್ಯಾಕ್ಟರ್‌ನ ಮುಂದಿನ ಗಾಲಿಯಲ್ಲಿಯೂ ಸಾಮಾನ್ಯವಾಗಿ ಇದೇ ವ್ಯವಸ್ಥೆ.

ಹಬ್ಬಿನೊಳಗೆ ಎರಡು ಟೇಪರ್ ಬೇರಿಂಗ್ ಎದುರುಬದುರಾಗಿ ಕೂತಿರುತ್ತವೆ. ರೋಲರ್‌ಗಳು ಓರೆಯಾಗಿರುವುದರಿಂದ ಗಾಡಿಯ ಭಾರವನ್ನೂ ತಿರುವಿನಲ್ಲಿ ಬರುವ ಅಡ್ಡ ಒತ್ತಡವನ್ನೂ ತಡೆಯುತ್ತವೆ. 1898ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಕುದುರೆ ಸಾರೋಟು ತಯಾರಿಸುತ್ತಿದ್ದವರು. ನಮ್ಮ ಎತ್ತಿನ ಗಾಡಿಗೆ ಕೀಲೆಣ್ಣೆಯೇ ಸಾಕಾಗಿತ್ತು!

ಮೊದಲು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕ್ ಹಚ್ಚಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಗಾಲಿಯ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಗಾಲಿ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗನ್ನೇ ಬದಲಿಸಬೇಕು, ಹೊಂದಿಸಿ ಪ್ರಯೋಜನವಿಲ್ಲ.

ಗ್ರೀಸ್ ಕ್ಯಾಪ್ ತೆಗೆದು, ಕಾಟರ್ ಪಿನ್ ಎಳೆದು, ಗಾಲಿಯನ್ನು ತಿರುಗಿಸುತ್ತಲೇ ಪಾನಾದಿಂದ ನಟ್ ಬಿಗಿಯಿರಿ. ಗಾಲಿ ಭಾರವಾಗಿ ತಿರುಗತೊಡಗಿದರೆ ರೋಲರ್‌ಗಳು ಸರಿಯಾಗಿ ಕೂತಂತೆ. ಈಗ ನಟ್ ಸಡಿಲಿಸಿ, ಬರೀ ಬೆರಳಿನಿಂದ ಮತ್ತೆ ಬಿಗಿ ಮಾಡಿ. ಪಿನ್ನಿನ ತೂತು ಹೊಂದದಿದ್ದರೆ ಹಿಂದಕ್ಕೇ ತಿರುಗಿಸಬೇಕು, ಮುಂದಕ್ಕಲ್ಲ.

ಇಲ್ಲಿ ನಮ್ಮ ಕಾಮರ್ಸ್ ವಿದ್ಯಾರ್ಥಿಗಳಿಗೂ ಒಂದು ಲೆಕ್ಕವಿದೆ. ನಟ್ಟಿನ ಒಂದು ಸುತ್ತಿಗೆ 1.5 ಮಿ.ಮೀ. ಚಲನೆ, ಅದರಲ್ಲಿ 6 ಗಾಡಿಗಳು ಎಂದುಕೊಳ್ಳಿ (ಗಾಡಿ ಎಂದರೆ ಇಲ್ಲಿ ನಟ್ಟಿನ ಸೀಳು). ಒಂದು ಸೀಳಿಗೆ 0.25 ಮಿ.ಮೀ. ಆಯಿತು. ಬೇಕಾದ ಸಡಿಲು ಸಾಮಾನ್ಯವಾಗಿ ಒಂದು ಕಾಗದದ ದಪ್ಪ, ಸುಮಾರು 0.1 ಮಿ.ಮೀ. ಅಂದರೆ ಒಂದೇ ಸೀಳು ಹೆಚ್ಚುಕಡಿಮೆಯಾದರೂ ಅಳತೆ ತಪ್ಪುತ್ತದೆ. ಅದಕ್ಕೇ ಕೆಲವು ಗಾಡಿಗಳಲ್ಲಿ ನಟ್ಟಿನ ಮೇಲೆ ಹೆಚ್ಚು ಸೀಳುಗಳ ತಗಡಿನ ಟೊಪ್ಪಿಗೆ ಇರುತ್ತದೆ. ಇನ್ನು ಕೆಲವಕ್ಕೆ ಶಿಮ್ ಹಾಕಿಯೇ ಅಳತೆ ಕೂಡಿಸಬೇಕು, ಅವಕ್ಕೆ ಈ ವಿಧಾನ ಹೊಂದದು.

ಗಾಲಿ ಅಲುಗಬಾರದೆಂದು ಇನ್ನಷ್ಟು ಬಿಗಿಯುವುದು ಅಪಾಯ. ಬೇರಿಂಗ್ ಕಾದು, ಗ್ರೀಸ್ ಕರಗಿ, ಕೊನೆಗೆ ಹೆದ್ದಾರಿಯಲ್ಲಿ ಗಾಲಿಯೇ ಹಿಡಿದುಕೊಳ್ಳಬಹುದು. ಕಾಟರ್ ಪಿನ್ ಪ್ರತಿ ಸಲವೂ ಹೊಸದೇ ಇರಲಿ. ಹತ್ತು ಕಿ.ಮೀ. ಓಡಿಸಿ ಹಬ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ನಟ್ ಮತ್ತೆ ಬಿಚ್ಚಬೇಕು.