ಕತ್ತರಿಸಿ ಬೆಸೆಯುವ ಸ್ನರ್ಪ್‌ಗಳು

ಸ್ನಾಯುಗಳು ಹರಿದುಹೋಗದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಜೀನು ಸುಮಾರು 22 ಲಕ್ಷ ಅಕ್ಷರಗಳಷ್ಟು ಉದ್ದ. ಜೀವಕೋಶ ಅಷ್ಟನ್ನೂ ಆರ್‌ಎನ್‌ಎ ಆಗಿ ನಕಲು ಮಾಡಿಕೊಳ್ಳುತ್ತದೆ. ಆದರೆ ಪ್ರೋಟೀನ್ ಕಟ್ಟಲು ಹೊರಡುವ ಎಂಆರ್‌ಎನ್‌ಎಯಲ್ಲಿ ಉಳಿಯುವುದು ಸುಮಾರು 14 ಸಾವಿರ ಅಕ್ಷರ ಮಾತ್ರ. ಉಳಿಸಿಕೊಳ್ಳುವ 79 ತುಣುಕುಗಳು ಎಕ್ಸಾನ್‌ಗಳು. ಅವುಗಳ ನಡುವೆ ಇದ್ದು ಕತ್ತರಿಸಿಹೋಗುವ ಭಾಗಗಳು ಇಂಟ್ರಾನ್‌ಗಳು. ಎಂಆರ್‌ಎನ್‌ಎಯನ್ನು ಜೀವಕೋಶ ಮೂರು ಮೂರು ಅಕ್ಷರಗಳ ಗುಂಪಾಗಿ ಓದುತ್ತದೆ. ಹಾಗಾಗಿ ಕತ್ತರಿಸುವಾಗ ಒಂದೇ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಮುಂದಿನ ಓದೆಲ್ಲ ಕೆಡುತ್ತದೆ. ಇಷ್ಟು ಕರಾರುವಾಕ್ಕಾಗಿ ಕತ್ತರಿಸಿ ಬೆಸೆಯುವ ಕೆಲಸವೇ ಸ್ಪ್ಲೈಸಿಂಗ್.

ಇದು ಪತ್ತೆಯಾದದ್ದು 1977ರಲ್ಲಿ, ಅಡೆನೋವೈರಸ್‌ನಲ್ಲಿ. ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಅಮೆರಿಕದಲ್ಲಿ ಬೇರೆಬೇರೆಯಾಗಿ ಇದನ್ನು ಕಂಡುಕೊಂಡವು. 1993ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ಕತ್ತರಿಸುವವರು ಯಾರು? ಗಡಿ ಎಲ್ಲಿದೆ ಎಂದು ಅವರಿಗೆ ತಿಳಿಯುವುದು ಹೇಗೆ?

ಉತ್ತರದ ಎಳೆ ಸಿಕ್ಕಿದ್ದು ಲೂಪಸ್ ರೋಗಿಗಳ ರಕ್ತದಲ್ಲಿ. ಲೂಪಸ್ ಬಂದವರ ದೇಹ ತನ್ನದೇ ಜೀವಕೋಶಗಳ ಭಾಗಗಳ ಮೇಲೆ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಜೋನ್ ಸ್ಟೈಟ್ಜ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಲರ್ನರ್, ಆ ಪ್ರತಿಕಾಯಗಳು ಕೋಶಕೇಂದ್ರದಲ್ಲಿ ಏನನ್ನು ಹಿಡಿಯುತ್ತವೆ ಎಂದು ಹುಡುಕಿದರು. 1979ರಲ್ಲಿ ಅವರಿಗೆ ಸಿಕ್ಕಿದ್ದು ಪುಟ್ಟ ಪುಟ್ಟ ಆರ್‌ಎನ್‌ಎಗಳು, ಪ್ರತಿಯೊಂದಕ್ಕೂ ಅಂಟಿಕೊಂಡ ಪ್ರೋಟೀನ್‌ಗಳ ಗುಂಪು. ಈ ಕಣಗಳನ್ನು ವಿಜ್ಞಾನಿಗಳು ಸ್ನರ್ಪ್ ಎನ್ನುತ್ತಾರೆ. ಯು1, ಯು2, ಯು4, ಯು5, ಯು6 ಎಂಬ ಐದು ಬಗೆಯವು ಸ್ಪ್ಲೈಸಿಂಗ್‌ನಲ್ಲಿ ಮುಖ್ಯ. ರೋಗಿಗಳ ನೋವಿನಿಂದ ಬಂದ ಆ ರಕ್ತದ ಮಾದರಿಗಳಿಗೆ ಜೀವವಿಜ್ಞಾನ ಇಂದಿಗೂ ಋಣಿಯಾಗಿರಬೇಕು.

ಇಂಟ್ರಾನ್ ಬಹುತೇಕ ಯಾವಾಗಲೂ ಜಿಯು ಎಂಬ ಎರಡು ಅಕ್ಷರಗಳಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ಯು1 ಆರ್‌ಎನ್‌ಎಯ ತುದಿಯಲ್ಲಿರುವ ಅಕ್ಷರಗಳು ಇಂಟ್ರಾನಿನ ಆರಂಭದ ಅಕ್ಷರಗಳೊಂದಿಗೆ ಜೋಡಿಯಾಗಬಲ್ಲವು ಎಂಬುದನ್ನು ಸ್ಟೈಟ್ಜ್ ತಂಡ 1980ರಲ್ಲಿ ತೋರಿಸಿತು. ಅಂದರೆ ಗಡಿ ಗುರುತಿಸುವುದು ಅಕ್ಷರಗಳ ಜೋಡಣೆಯಿಂದ. ಇದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 1986ರಲ್ಲಿ. ಯುವಾನ್ ಜುವಾಂಗ್ ಮತ್ತು ಅಲನ್ ವೈನರ್ ಇಂಟ್ರಾನಿನ ಗಡಿಯಲ್ಲಿ ಒಂದು ಅಕ್ಷರ ಬದಲಿಸಿ ಸ್ಪ್ಲೈಸಿಂಗ್ ಕೆಡಿಸಿದರು. ಆಮೇಲೆ ಯು1ರಲ್ಲಿ ಅದಕ್ಕೆ ಹೊಂದುವ ಅಕ್ಷರವನ್ನು ಬದಲಿಸಿದರು. ಕೆಟ್ಟ ಕೆಲಸ ಮತ್ತೆ ಸರಿಹೋಯಿತು. ಇಷ್ಟು ಸರಳವಾದ, ಇಷ್ಟು ನಿರ್ಣಾಯಕವಾದ ಪ್ರಯೋಗಗಳು ಅಪರೂಪ.

ಯು1 ಆರಂಭದ ಗಡಿಯಲ್ಲಿ ಕೂತ ಮೇಲೆ, ಯು2 ಇಂಟ್ರಾನಿನ ಒಳಗಿರುವ ಒಂದು ನಿರ್ದಿಷ್ಟ ‘ಎ’ ಅಕ್ಷರದ ಸುತ್ತ ಕೂರುತ್ತದೆ. ಆಮೇಲೆ ಯು4, ಯು5, ಯು6 ಒಟ್ಟಾಗಿ ಬರುತ್ತವೆ. ಇಷ್ಟೂ ಸೇರಿದ ದೊಡ್ಡ ಯಂತ್ರವೇ ಸ್ಪ್ಲೈಸಿಯೋಸೋಮ್. ಮನುಷ್ಯರಲ್ಲಿ ಇದರ ಕೆಲಸಕ್ಕೆ ನೂರಕ್ಕೂ ಹೆಚ್ಚು ಪ್ರೋಟೀನ್‌ಗಳು ಕೈಜೋಡಿಸುತ್ತವೆ. ಯು1, ಯು4 ಕಳಚಿಕೊಂಡು ಹೊರಬಿದ್ದಾಗ ಯಂತ್ರ ಸಜ್ಜಾಗುತ್ತದೆ. ಆ ‘ಎ’ ಇಂಟ್ರಾನಿನ ಆರಂಭವನ್ನು ಕತ್ತರಿಸಿ ತನಗೇ ಅಂಟಿಸಿಕೊಳ್ಳುತ್ತದೆ, ಇಂಟ್ರಾನ್ ಕುಣಿಕೆಯಾಗುತ್ತದೆ. ಎರಡನೆಯ ಹೆಜ್ಜೆಯಲ್ಲಿ ಎಕ್ಸಾನ್‌ಗಳೆರಡೂ ಬೆಸೆದುಕೊಳ್ಳುತ್ತವೆ, ಕುಣಿಕೆ ಕಳಚುತ್ತದೆ.

ಇಷ್ಟೊಂದು ಪ್ರೋಟೀನ್‌ಗಳಿದ್ದರೂ ನಿಜವಾದ ಕತ್ತರಿ ಪ್ರೋಟೀನ್ ಅಲ್ಲ! ಷಿಕಾಗೋ ವಿಶ್ವವಿದ್ಯಾಲಯದ ಜೊನಾಥನ್ ಸ್ಟೇಲಿ ಮತ್ತು ಜೋಸೆಫ್ ಪಿಚಿರಿಲ್ಲಿ ಅವರ ತಂಡಗಳು 2013ರಲ್ಲಿ ಯೀಸ್ಟ್‌ನಲ್ಲಿ ತೋರಿಸಿದಂತೆ, ಕತ್ತರಿಸಲು ಬೇಕಾದ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದು ಯು6 ಆರ್‌ಎನ್‌ಎ. ಪ್ರೋಟೀನ್‌ಗಳು ಆ ಆರ್‌ಎನ್‌ಎಯನ್ನು ಸರಿಯಾದ ಆಕಾರದಲ್ಲಿ ನಿಲ್ಲಿಸುತ್ತವೆ, ಬಿಚ್ಚುತ್ತವೆ, ಮುಂದಿನ ಹೆಜ್ಜೆಗೆ ದೂಡುತ್ತವೆ. ಒಂದಿಲ್ಲದೆ ಇನ್ನೊಂದು ನಡೆಯದು. ಇಂಥ ಪ್ರೋಟೀನ್‌ಗಳನ್ನು ಗುರುತಿಸಲು ನೆರವಾದ, ಸ್ಪ್ಲೈಸಿಂಗ್ ಕೆಟ್ಟ ಯೀಸ್ಟ್ ತಳಿಗಳನ್ನು 1980ರ ದಶಕದಲ್ಲಿ ಜಾನ್ ಏಬೆಲ್ಸನ್ ಅವರ ಪ್ರಯೋಗಾಲಯದಲ್ಲಿ ಬೇರ್ಪಡಿಸಿದವರಲ್ಲಿ ಉಷಾ ವಿಜಯರಾಘವನ್ ಒಬ್ಬರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದೇ ಸಂಶೋಧನೆಯನ್ನು ಬೆಳೆಸಿದರು.

ಸ್ನರ್ಪ್‌ಗಳು ತಾವಾಗಿಯೇ ಜೋಡಿಕೊಳ್ಳುವುದಿಲ್ಲ. ಯು1, ಯು2, ಯು4, ಯು5ರ ಆರ್‌ಎನ್‌ಎಗೆ ಏಳು ಪ್ರೋಟೀನ್‌ಗಳ ಉಂಗುರವೊಂದನ್ನು ತೊಡಿಸಬೇಕು. ಆ ಕೆಲಸದ ಮುಂದಾಳು ಎಸ್‌ಎಂಎನ್ ಎಂಬ ಪ್ರೋಟೀನ್. ಅದು ಸಾಕಷ್ಟಿಲ್ಲದ ಮಕ್ಕಳಿಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಬರುತ್ತದೆ, ಸ್ನಾಯುಗಳು ಸೊರಗುತ್ತವೆ. ಎಸ್‌ಎಂಎನ್1 ಜೀನು ಕಳೆದುಹೋದ ಇವರಲ್ಲೂ ಎಸ್‌ಎಂಎನ್2 ಎಂಬ ಅವಳಿ ಜೀನು ಇರುತ್ತದೆ. ಆದರೆ ಅದರ ಏಳನೆಯ ಎಕ್ಸಾನಿನಲ್ಲಿ ಒಂದೇ ಅಕ್ಷರ ಬೇರೆಯಾಗಿರುವುದರಿಂದ, ಬಹುಪಾಲು ನಕಲುಗಳಲ್ಲಿ ಆ ಎಕ್ಸಾನೇ ಬಿಟ್ಟುಹೋಗುತ್ತದೆ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನುಸಿನರ್ಸೆನ್ ಮತ್ತು 2020ರಲ್ಲಿ ಬಂದ ರಿಸ್ಡಿಪ್ಲಾಮ್ ಔಷಧಗಳು ಆ ಎಕ್ಸಾನ್ ಉಳಿಯುವಂತೆ ಮಾಡುತ್ತವೆ. ರಿಸ್ಡಿಪ್ಲಾಮ್ ಅಲ್ಲಿ ಯು1ರ ಹಿಡಿತವನ್ನೇ ಬಿಗಿಗೊಳಿಸುತ್ತದೆ.

ಭಾರತದ ಮಟ್ಟಿಗೆ ಯು1ರ ವಿಷಯ ಇನ್ನೂ ಹತ್ತಿರದ್ದು. ನಮ್ಮ ದೇಶದಲ್ಲಿ ಬೀಟಾ ಥಲಸೇಮಿಯಾ ಎಂಬ ರಕ್ತರೋಗಕ್ಕೆ ಅತಿ ಸಾಮಾನ್ಯ ಕಾರಣ, ಹಿಮೋಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್‌ನ ಜೀನಿನ ಮೊದಲ ಇಂಟ್ರಾನಿನ ಐದನೆಯ ಅಕ್ಷರವಾದ ‘ಜಿ’ ಇದ್ದಲ್ಲಿ ‘ಸಿ’ ಬಂದಿರುವುದು. ಆ ಒಂದು ಜೋಡಿ ತಪ್ಪಿದ್ದರಿಂದ ಯು1ರ ಹಿಡಿತ ಸಡಿಲವಾಗಿ, ಆಸುಪಾಸಿನ ಸುಳ್ಳು ಗಡಿಗಳಲ್ಲಿ ಕತ್ತರಿ ಬೀಳುತ್ತದೆ. ಸರಿಯಾದ ಬೀಟಾ ಗ್ಲೋಬಿನ್ ತೀರಾ ಕಡಿಮೆಯಾಗುತ್ತದೆ. ತಂದೆತಾಯಿ ಇಬ್ಬರಿಂದಲೂ ಈ ದೋಷ ಪಡೆದ ಮಗುವಿಗೆ ಸಾಮಾನ್ಯವಾಗಿ ಜೀವನವಿಡೀ ರಕ್ತ ಕೊಡಿಸುತ್ತಿರಬೇಕಾಗುತ್ತದೆ. ಒಬ್ಬರಿಂದ ಮಾತ್ರ ಪಡೆದವರು ಆರೋಗ್ಯವಾಗಿಯೇ ಇರುತ್ತಾರೆ, ತಾವು ವಾಹಕರೆಂಬುದು ಅವರಿಗೆ ಗೊತ್ತೇ ಇರುವುದಿಲ್ಲ. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹಿಮೋಗ್ಲೋಬಿನ್ ಎ2 ಪ್ರಮಾಣ ಅಳೆಯುವ ರಕ್ತಪರೀಕ್ಷೆಯಿಂದ ವಾಹಕರೇ ಅಲ್ಲವೇ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಮದುವೆಗೆ ಮುಂಚೆ, ಅದಾಗದಿದ್ದರೆ ಬಸಿರಿನ ಮೊದಲ ತಿಂಗಳುಗಳಲ್ಲಾದರೂ, ದಯವಿಟ್ಟು ಮಾಡಿಸಿಕೊಳ್ಳಿ.