ಕ್ಯಾಂಪಸ್ ವೈ-ಫೈ ಪಾಸ್‌ವರ್ಡ್ ಕೇಳಿತೆಂದರೆ ಅದು ಸುರಕ್ಷಿತವೇ?

ಕುಮಟಾ ತಾಲ್ಲೂಕಿನ ಸಂತೆಗುಳಿಯಂಥ ಊರಿನಿಂದ ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದವರು ಹಾಸ್ಟೆಲ್ ಸೇರಿದ ದಿನವೇ ಕೇಳುವ ಪ್ರಶ್ನೆ: ‘ವೈ-ಫೈ ಕನೆಕ್ಟ್ ಮಾಡೋದು ಹೇಗೆ?’ ಸೀನಿಯರ್‌ಗಳ ಉತ್ತರವೂ ಸಿದ್ಧವಿರುತ್ತದೆ: ‘ಐಡಿ, ಪಾಸ್‌ವರ್ಡ್ ಹಾಕು. ಸರ್ಟಿಫಿಕೇಟ್ ಕೇಳಿದ್ರೆ ಡೋಂಟ್ ವ್ಯಾಲಿಡೇಟ್ ಒತ್ತು.’ ಎಂ.ಎ. ಓದುವಾಗ ನಾನೂ ಹಾಗೇ ಮಾಡಿದ್ದೆ. ಅದು ತಪ್ಪು ಎಂದು ತಿಳಿದದ್ದು ಆಮೇಲೆ.

ಮನೆಯ ವೈ-ಫೈಗಿಂತ ಹೇಗೆ ಬೇರೆ?

ಮನೆಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅನೇಕ ವಿಶ್ವವಿದ್ಯಾಲಯಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ. ಅದನ್ನು ಪರಿಶೀಲಿಸುವುದು ಗೋಡೆಯ ಮೇಲಿನ ವೈ-ಫೈ ಪೆಟ್ಟಿಗೆಯಲ್ಲ, ಸಂಸ್ಥೆಯ ಸರ್ವರ್. ಎಷ್ಟೋ ಕಡೆ ಇಮೇಲ್, ಫಲಿತಾಂಶ, ಶುಲ್ಕ ಪಾವತಿಗೂ ಅದೇ ಪಾಸ್‌ವರ್ಡ್ ಇರುತ್ತದೆ. ಅದು ಕಳುವಾದರೆ ಹೋಗುವುದು ಇಂಟರ್ನೆಟ್ ಮಾತ್ರವಲ್ಲ.

ನಂಬಿಕೆ 1: ಹೆಸರು ಸರಿಯಿದ್ದರೆ ನೆಟ್‌ವರ್ಕ್ ಅಸಲಿ

ಅಲ್ಲ. ಅದೇ ಹೆಸರಿನ ವೈ-ಫೈಯನ್ನು ಯಾರು ಬೇಕಾದರೂ ತೆರೆಯಬಹುದು. ಕುಮಟಾ ಬಸ್ ನಿಲ್ದಾಣದಲ್ಲಿ ಖಾಕಿ ಅಂಗಿ ತೊಟ್ಟವರೆಲ್ಲ ಕಂಡಕ್ಟರ್ ಅಲ್ಲವಲ್ಲ! ಸರ್ಟಿಫಿಕೇಟ್ ಎಂದರೆ ಸರ್ವರ್ ತೋರಿಸುವ ಗುರುತಿನ ಚೀಟಿ. ‘ಡೋಂಟ್ ವ್ಯಾಲಿಡೇಟ್’ ಎಂದರೆ ಚೀಟಿ ನೋಡದೆಯೇ ದುಡ್ಡು ಕೊಟ್ಟಂತೆ. ಆಗ ಪಾಸ್‌ವರ್ಡ್ ನೇರವಾಗಿಯೋ, ಕಂಪ್ಯೂಟರ್ ಬಳಸಿ ಊಹಿಸಿ ತೆಗೆಯಬಹುದಾದ ರೂಪದಲ್ಲೋ ಕಳ್ಳನ ಕೈಸೇರಬಹುದು. ಈ ಅಪಾಯದಿಂದಾಗಿಯೇ ಗೂಗಲ್ 2020ರ ಡಿಸೆಂಬರ್‌ನಲ್ಲಿ ತನ್ನ ಪಿಕ್ಸೆಲ್ ಫೋನ್‌ಗಳ ಆಂಡ್ರಾಯ್ಡ್ 11ರಿಂದ ಆ ಆಯ್ಕೆಯನ್ನೇ ತೆಗೆದುಹಾಕಿತು.

ನಂಬಿಕೆ 2: ವಿಪಿಎನ್ ಇದ್ದರೆ ಸಾಕು

ವಿಪಿಎನ್ ಕೆಲಸ ಮಾಡುವುದು ಸಂಪರ್ಕ ಸಿಕ್ಕ ಮೇಲೆ. ವೈ-ಫೈ ಪಾಸ್‌ವರ್ಡ್ ಹೋಗುವುದು ಅದಕ್ಕೂ ಮೊದಲು.

ನಂಬಿಕೆ 3: ಬೇರೆ ಕ್ಯಾಂಪಸ್‌ನಲ್ಲಿ ನಮ್ಮ ಪಾಸ್‌ವರ್ಡ್ ಹಾಕಿದರೆ ಅವರಿಗೆ ಗೊತ್ತಾಗುತ್ತದೆ

2003ರ ಸುಮಾರಿಗೆ ಯುರೋಪಿನಲ್ಲಿ ಶುರುವಾದ ‘ಎಡುರೋಮ್’ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಅರ್ನೆಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಸೌಲಭ್ಯವಿದೆ. ಸದಸ್ಯ ಸಂಸ್ಥೆಯ ವಿದ್ಯಾರ್ಥಿ ಬೇರೆ ಸದಸ್ಯ ಕ್ಯಾಂಪಸ್‌ಗೆ ಹೋದಾಗ, ಪಾಸ್‌ವರ್ಡ್ ಗೂಢಲಿಪಿಯಲ್ಲಿ ಅವರ ಮೂಲ ಸಂಸ್ಥೆಗೇ ತಲುಪುತ್ತದೆ. ಅತಿಥೇಯರಿಗೆ ಸಿಗುವುದು ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಮಾತ್ರ. ಆದರೆ ನಿಮ್ಮ ಫೋನ್ ಸರ್ಟಿಫಿಕೇಟ್ ಪರಿಶೀಲಿಸುತ್ತಿದ್ದರೆ ಮಾತ್ರ ಈ ರಕ್ಷಣೆ.

ಏನು ಮಾಡಬೇಕು?

- ಸೆಟ್ಟಿಂಗ್ ವಿವರವನ್ನು ಸ್ನೇಹಿತರಿಂದಲ್ಲ, ಸಂಸ್ಥೆಯ ಕಂಪ್ಯೂಟರ್ ವಿಭಾಗದಿಂದ ಪಡೆಯಿರಿ.
- ಅವರು ಹೇಳಿದ ಸರ್ಟಿಫಿಕೇಟ್ ಆಯ್ದು, ‘ಡೊಮೈನ್’ ಜಾಗವನ್ನೂ ತುಂಬಿ.
- ಎಡುರೋಮ್ ಎಂದೂ ಬ್ರೌಸರ್ ಪುಟದಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಕೇಳಿದರೆ ಅದು ನಕಲಿ.
- ಒಮ್ಮೆ ಸರಿಯಾಗಿ ಜೋಡಿಸಿದ ಮೇಲೆ ಇದ್ದಕ್ಕಿದ್ದಂತೆ ಹೊಸ ಸರ್ಟಿಫಿಕೇಟ್ ಒಪ್ಪಲು ಕೇಳಿದರೆ, ವಿಚಾರಿಸದೆ ಒಪ್ಪಬೇಡಿ.
- ಈಗಾಗಲೇ ‘ಡೋಂಟ್ ವ್ಯಾಲಿಡೇಟ್’ ಒತ್ತಿದ್ದೀರಾ? ಆ ನೆಟ್‌ವರ್ಕ್ ಅನ್ನು ಫೋನಿನಿಂದ ಅಳಿಸಿ, ಮೊಬೈಲ್ ಡೇಟಾದಲ್ಲಿ ಪಾಸ್‌ವರ್ಡ್ ಬದಲಿಸಿ, ಹೊಸದಾಗಿ ಜೋಡಿಸಿ.

ಇದಕ್ಕೆಲ್ಲ ಬೇಕಾಗುವುದು ಹತ್ತು ನಿಮಿಷ. ಮುಂದಿನ ವರ್ಷ ಜೂನಿಯರ್ ಕೇಳಿದಾಗ ನೀವು ಹೇಳುವ ಉತ್ತರವೂ ಬದಲಾಗಲಿ.